ಮೀಟರಕ್ಕನ ವಯಸ್ಸು, ಪೈಪು ಕಂಪನಿಯ ಬಾಂಡು

ನೀರು ಸರಬರಾಜು ಮಂಡಳಿಯ ನೌಕರರ ಭವಿಷ್ಯ ನಿಧಿಯು ದೀರ್ಘಾವಧಿ ಹೂಡಿಕೆಯಲ್ಲಿ ಅಚಲ ನಂಬಿಕೆಯಿಟ್ಟ ಸಂಸ್ಥೆಯಾಗಿದ್ದು, ಅದು ಇತ್ತೀಚೆಗೆ ಕೈಗೊಂಡ ಒಂದೇ ಒಂದು ಹೂಡಿಕೆಯೂ ಈವರೆಗೆ ಮುಗಿದಿರುವುದಿಲ್ಲ. ಇದನ್ನು ನಾನು ಹೆಮ್ಮೆಯಿಂದಲೇ ದಾಖಲಿಸುತ್ತಿದ್ದೇನೆ. ನಿಧಿಯ ಸಹಾಯಕ ಕಾರ್ಯದರ್ಶಿಯಾಗಿ ಸಭೆಯ ನಡಾವಳಿ ಬರೆಯುವುದು, ಬಿಸ್ಕತ್ತು ತರಿಸುವುದು ಮತ್ತು ಹಣ ಕೇಳಿಕೊಂಡು ಬಂದವರಿಗೆ ಕುರ್ಚಿ ತೋರಿಸುವುದು ನನ್ನ ಕೆಲಸವಾಗಿತ್ತು. ಬಿಸ್ಕತ್ತಿನ ವಿಷಯದಲ್ಲಿ ಒಮ್ಮೆ ದೂರು ಬಂದಿತ್ತು, ಉಳಿದಂತೆ ನನ್ನ ಸೇವೆ ನಿಷ್ಕಳಂಕ.

ಮೊದಲು ನಿಧಿಯ ಹಣ ಸರ್ಕಾರಿ ಸಾಲಪತ್ರಗಳಲ್ಲಿಯೂ ಬ್ಯಾಂಕಿನ ಠೇವಣಿಯಲ್ಲಿಯೂ ಇತ್ತು. ಅದೊಂದು ಮಂಕು ಕಾಲ. ನೌಕರರು ನಿವೃತ್ತರಾಗುತ್ತಿದ್ದರು, ಹಣ ತೆಗೆದುಕೊಂಡು ಮನೆಗೆ ಹೋಗುತ್ತಿದ್ದರು. ಸಮಿತಿಗೆ ಚರ್ಚಿಸಲು ಏನೂ ಇರುತ್ತಿರಲಿಲ್ಲ. ಅಧ್ಯಕ್ಷರು ಕಿಟಕಿಯಾಚೆ ನೋಡುತ್ತಿದ್ದರು, ನಾನು ಅಧ್ಯಕ್ಷರನ್ನು ನೋಡುತ್ತಿದ್ದೆ. ಹೀಗೆ ನಡೆಯುತ್ತಿರುವಾಗ ಹೂಡಿಕೆ ಸಲಹೆಗಾರರು ಬಂದರು.

ಸಲಹೆಗಾರರು ಟೈ ಕಟ್ಟಿದ್ದರು. ಗೋಡೆಯ ಮೇಲೆ ಕೆಂಪು ಚುಕ್ಕೆ ಓಡಿಸುವ ಒಂದು ಕಡ್ಡಿ ಅವರ ಕೈಯಲ್ಲಿತ್ತು. ಚುಕ್ಕೆ ಎಲ್ಲೆಲ್ಲಿ ಹೋಯಿತೋ ಅಲ್ಲೆಲ್ಲ ಸಮಿತಿಯ ಕಣ್ಣುಗಳೂ ಹೋದವು.

"ನೋಡಿ ಸಾರ್, ಸರ್ಕಾರದ ಬಾಂಡು ಭದ್ರ, ಆದ್ರೆ ಬಡ್ಡಿ ಕಮ್ಮಿ. ಷೇರು ಲಾಭ ಕೊಡುತ್ತೆ, ಆದ್ರೆ ನಿದ್ದೆ ಕೆಡಿಸುತ್ತೆ. ಇವೆರಡರ ನಡುವೆ ಇರೋದು ಕಂಪನಿ ಬಾಂಡು. ನೀವು ಕಂಪನಿಗೆ ಸಾಲ ಕೊಡ್ತೀರಿ. ಅವರು ವರ್ಷ ವರ್ಷ ಬಡ್ಡಿ ಕೊಡ್ತಾರೆ, ಅವಧಿ ಮುಗಿದ ದಿನ ಅಸಲು ವಾಪಸ್. ದೀರ್ಘಾವಧಿ ಹೂಡಿಕೆಗೆ ಇದು ಬೆನ್ನೆಲುಬು."

"ಅಸಲು ಕೊಡದೇ ಹೋದ್ರೆ?" ಎಂದು ಸ್ಟೋರ್ ಕೀಪರ್ ಕೇಳಿದರು. ಅವರು ಸಮಿತಿಯಲ್ಲಿ ನೌಕರರ ಪ್ರತಿನಿಧಿ, ಸ್ವಭಾವತಃ ಬಾಯಿಬಡುಕರು.

"ಶುಭ ಮಾತಾಡೋವಾಗ ಅಡ್ಡ ಸೀನಬೇಡ್ರೀ," ಎಂದು ಅಧ್ಯಕ್ಷರು ಗದರಿದರು. ಪ್ರಶ್ನೆಗೆ ಉತ್ತರ ದೊರೆತಿದೆ ಎಂದು ನಾನು ಬರೆದುಕೊಂಡೆ.

ಎಲ್ಲವನ್ನೂ ಒಂದೇ ಕಡೆ ಸುರಿಯಬಾರದು, ಹಂಚಬೇಕು ಎಂದು ಸಲಹೆಗಾರರು ಹೇಳಿದ್ದು ಅಧ್ಯಕ್ಷರಿಗೆ ಬಹಳ ಹಿಡಿಸಿತು. ಮಂಡಳಿಗೆ ಪೈಪು ಪೂರೈಸುವ ಕಂಪನಿಯೊಂದಿದೆ. ಅದರ ಬಾಂಡುಗಳು ಕೆಂಪು, ಹಸಿರು, ನೀಲಿ, ಹಳದಿ ಅಂಚಿನಲ್ಲಿ ಸಿಗುತ್ತಿದ್ದವು. ನೌಕರರ ಹಣವನ್ನು ನಾಲ್ಕೂ ಬಣ್ಣಗಳಿಗೆ ಸಮನಾಗಿ ಹಂಚಲಾಯಿತು. ಒಂದೇ ಕಂಪನಿಯಾಯಿತಲ್ಲ ಎಂದು ಸ್ಟೋರ್ ಕೀಪರ್ ಮತ್ತೆ ಬಾಯಿ ಹಾಕಿದಾಗ ಅಧ್ಯಕ್ಷರು ತಾಳ್ಮೆಯಿಂದಲೇ ವಿವರಿಸಿದರು. "ಅವರ ಪೈಪಿಗೆ ದುಡ್ಡು ಕೊಡೋರು ಯಾರು? ನಾವು. ಆ ದುಡ್ಡಲ್ಲಿ ನಮಗೆ ಬಡ್ಡಿ ಕೊಡೋರು ಯಾರು? ಅವರು. ದುಡ್ಡು ಇಲ್ಲೇ ಸುತ್ತುತ್ತೆ ಕಣ್ರೀ, ಎಲ್ಲಿಗೆ ಓಡಿಹೋಗುತ್ತೆ?"

ಕಂಪನಿಯ ಯೋಗ್ಯತೆಯನ್ನು ಪರೀಕ್ಷಿಸಿ ಅಂಕ ಕೊಡುವ ಸಂಸ್ಥೆಯೊಂದು ಈ ಬಾಂಡುಗಳಿಗೆ ಅತ್ಯುನ್ನತ ಅಂಕ ಕೊಟ್ಟಿತ್ತು. ಪರೀಕ್ಷೆಯ ಶುಲ್ಕವನ್ನು ಆ ಸಂಸ್ಥೆ ಅವೇ ಬಾಂಡುಗಳ ರೂಪದಲ್ಲಿ ಪಡೆದಿದ್ದರಿಂದ ಅದರ ನಂಬಿಕೆ ಬಾಯಿಮಾತಿನದಲ್ಲ ಎಂಬುದು ಸ್ಪಷ್ಟವಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆಯನ್ನು ಯಾರೋ ಗೊಣಗಿದರು. ಗಾದೆಯು ಕಾರ್ಯಸೂಚಿಯಲ್ಲಿ ಇಲ್ಲದ ಕಾರಣ ನಾನು ಅದನ್ನು ದಾಖಲಿಸಲಿಲ್ಲ.

ಇನ್ನು ಅಧಿಕಾರಿಗಳ ಹಣದ ವಿಷಯ. ಅದನ್ನು ಬ್ಯಾಂಕಿನ ಠೇವಣಿಯಲ್ಲಿಯೇ ಉಳಿಸಿಕೊಳ್ಳಲಾಯಿತು. ಹೆಚ್ಚಿನ ಬಡ್ಡಿಯೆಲ್ಲ ಕೆಳಗಿನ ನೌಕರರಿಗೇ ಸಿಗಲಿ, ನಾವು ಕಡಿಮೆಯಲ್ಲಿ ಹೇಗೋ ಸಂಸಾರ ತೂಗಿಸುತ್ತೇವೆ ಎಂದು ಅಧ್ಯಕ್ಷರು ಎದೆಯ ಮೇಲೆ ಕೈಯಿಟ್ಟು ಹೇಳಿದರು. ನಾನು ಸಹಾಯಕ ಕಾರ್ಯದರ್ಶಿಯಾದ್ದರಿಂದ ಈ ತ್ಯಾಗದಲ್ಲಿ ನನಗೂ ಪಾಲು ಸಿಕ್ಕಿತು.

ಸಲಹೆಗಾರರ ಕೊನೆಯ ಮಾತು ಅವಧಿ ಹೊಂದಾಣಿಕೆಯದು. ನಿಧಿ ಯಾವಾಗ ಹಣ ಕೊಡಬೇಕಾಗುತ್ತದೋ ಆಗಲೇ ಬಾಂಡಿನ ಅವಧಿಯೂ ಮುಗಿಯುವಂತೆ ನೋಡಿಕೊಳ್ಳಬೇಕು ಎಂದರು. ಅವರು ಹೇಳಿದ್ದು ಒಟ್ಟು ನಿಧಿಯ ಲೆಕ್ಕದಲ್ಲಿ. ಅಧ್ಯಕ್ಷರಿಗೆ ಅರ್ಥವಾದದ್ದು ತಲೆಗೊಂದು ಬಾಂಡು ಎಂದು. ಸಲಹೆಗಾರರು ತಿದ್ದಲು ಬಾಯಿ ತೆರೆದರು. ಅಷ್ಟರಲ್ಲಿ ಅಧ್ಯಕ್ಷರು, ಪ್ರತಿ ಜೋಡಿಗೂ ಸಲಹೆಗಾರರಿಗೆ ಪ್ರತ್ಯೇಕ ಶುಲ್ಕ ಎಂದು ಘೋಷಿಸಿದ್ದರಿಂದ ಅವರು ತೆರೆದ ಬಾಯಿಗೆ ಬಿಸ್ಕತ್ತು ಹಾಕಿಕೊಂಡರು. ಸುತ್ತೋಲೆ ಹೀಗೆ ಹೊರಟಿತು:

"ಪ್ರತಿಯೊಬ್ಬ ನೌಕರರಿಗೂ ಒಂದು ಬಾಂಡನ್ನು ಜೋಡಿಸಲಾಗಿದೆ. ನೌಕರರ ಸೇವೆಯೂ ಅವರ ಜೋಡಿ ಬಾಂಡಿನ ಅವಧಿಯೂ ಒಂದೇ ದಿನ ಮುಗಿಯತಕ್ಕದ್ದು. ವ್ಯತ್ಯಾಸ ಕಂಡುಬಂದಲ್ಲಿ ಸೂಕ್ತವಾಗಿ ಸರಿಪಡಿಸತಕ್ಕದ್ದು."

ಸೇವಾ ಕಡತದಲ್ಲಿ ನೌಕರರ ಭಾವಚಿತ್ರದ ಪಕ್ಕದಲ್ಲಿ ಬಾಂಡಿನ ನಕಲನ್ನು ಅಂಟಿಸಿದೆವು. ನೋಡಲು ಲಕ್ಷಣವಾಗಿತ್ತು.

ಮೀಟರಕ್ಕ ಎಂದು ಎಲ್ಲರೂ ಕರೆಯುವ ನೌಕರರೊಬ್ಬರಿಗೆ ಹಸಿರು ಅಂಚಿನ ಬಾಂಡು ಜೋಡಿಯಾಯಿತು. ಮನೆ ಮನೆಗೆ ಹೋಗಿ ನೀರಿನ ಮೀಟರು ಓದುವುದು ಅವರ ಕೆಲಸ. ಮೀಟರುಗಳನ್ನು ನಮ್ಮ ಮಂಡಳಿ ನೆಲದಲ್ಲಿ ಗುಂಡಿ ತೋಡಿ ಹುಗಿದಿರುತ್ತದೆ. ಕಬ್ಬಿಣದ ಮುಚ್ಚಳ ಎತ್ತಬೇಕು, ಕುಕ್ಕರುಗಾಲಲ್ಲಿ ಕೂರಬೇಕು, ಗಾಜಿನ ಮೇಲಿನ ಕೆಸರು ಒರೆಸಬೇಕು, ಓದಬೇಕು, ಬರೆಯಬೇಕು, ಏಳಬೇಕು. ಈ ಏಳುವುದರಲ್ಲಿಯೇ ಮೀಟರಕ್ಕನ ಮಂಡಿಗಳು ಸವೆದುಹೋಗಿದ್ದವು. ದಿನವಿಡೀ ಹೀಗೆ ಕೂತು ಎದ್ದು ಮನೆಗೆ ಬಂದರೆ ಮನೆ ಮೂರನೇ ಮಹಡಿಯಲ್ಲಿ. ಲಿಫ್ಟು ಇಲ್ಲ.

ಅದೇ ಕಟ್ಟಡದ ನೆಲಮಹಡಿಯಲ್ಲಿ ಎರಡು ಕೋಣೆಯ ಒಂದು ಮನೆ ಮಾರಾಟಕ್ಕಿತ್ತು. ಮೀಟರಕ್ಕನಿಗೆ ಈ ಲೋಕದಲ್ಲಿ ಬೇಕಾಗಿದ್ದದ್ದು ಅದೊಂದೇ. ನಿವೃತ್ತಿಯ ಹಣ ಬಂದ ದಿನ ಕೊಳ್ಳುತ್ತೇನೆ ಎಂದು ಮನೆ ಮಾಲೀಕರಿಗೆ ಮುಂಗಡವನ್ನೂ ಕೊಟ್ಟಿದ್ದರು. ಸಂಜೆ ಮೆಟ್ಟಿಲು ಹತ್ತುವ ಮುಂಚೆ ಆ ಮನೆಯ ಹೊಸ್ತಿಲ ಮೇಲೆ ಕೂತು ಉಸಿರು ತೆಗೆದುಕೊಳ್ಳುತ್ತಿದ್ದರಂತೆ. ಹೊಸ್ತಿಲು ಸ್ವಂತದ್ದಾದ ಮೇಲೆ ಒಳಗೇ ಹೋಗಿ ಕೂರಬಹುದು ಎಂದು ಮಗಳಿಗೆ ಹೇಳುತ್ತಿದ್ದರಂತೆ.

ಅವರಿಗೆ ಅರವತ್ತು ತುಂಬುವ ತಿಂಗಳಿನಲ್ಲಿ ಪೈಪು ಕಂಪನಿಯಿಂದ ಪತ್ರ ಬಂತು. ಮಾರುಕಟ್ಟೆಯ ತಾತ್ಕಾಲಿಕ ಏರುಪೇರಿನಿಂದಾಗಿ ಈ ವರ್ಷ ಮುಗಿಯಬೇಕಾಗಿದ್ದ ಬಾಂಡುಗಳ ಅವಧಿಯನ್ನು ನಾಲ್ಕು ವರ್ಷ ಮುಂದಕ್ಕೆ ಹಾಕಲಾಗಿದೆ, ದೀರ್ಘಾವಧಿ ಹೂಡಿಕೆದಾರರಾದ ತಮಗೆ ಇದರಿಂದ ಸಂತೋಷವಾಗುವುದೆಂದು ನಂಬಿದ್ದೇವೆ ಎಂದು ಬರೆದಿದ್ದರು. ಸಮಿತಿ ತುರ್ತಾಗಿ ಸೇರಿತು.

"ಇದಕ್ಕೆ ದಿವಾಳಿ ಅಂತಾರೆ ಸಾರ್," ಎಂದರು ಸ್ಟೋರ್ ಕೀಪರ್.

"ದಿವಾಳಿ ಅಂತ ಬರೆದ್ರೆ ಅಲ್ಲಿ ದುಡ್ಡು ಯಾಕೆ ಹಾಕಿದ್ರಿ ಅಂತ ಕೇಳ್ತಾರೆ," ಎಂದರು ಅಧ್ಯಕ್ಷರು. "ಬೇರೆ ಪದ ಇದೆಯೇನ್ರೀ?"

ಸಲಹೆಗಾರರ ಬಳಿ ಪದಗಳಿಗೆ ಬರವಿರಲಿಲ್ಲ. ಸಾಲಗಾರ ಕೊಡುವುದಿಲ್ಲ ಎಂದಾಗ ನಾವು ಬೇಡ ಎಂದುಬಿಟ್ಟರೆ ಅಲ್ಲಿ ದಿವಾಳಿಯ ಪ್ರಶ್ನೆಯೇ ಬರುವುದಿಲ್ಲ, ಹೂಡಿಕೆ ಇನ್ನಷ್ಟು ದೀರ್ಘವಾಗುತ್ತದೆ ಅಷ್ಟೆ ಎಂದು ಅವರು ತೋರಿಸಿಕೊಟ್ಟರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಆದರೆ ಈಗ ವ್ಯತ್ಯಾಸವೊಂದು ಉಂಟಾಗಿತ್ತು. ಹಸಿರು ಬಾಂಡಿಗೆ ಇನ್ನೂ ನಾಲ್ಕು ವರ್ಷ ಬಾಕಿ, ಅದರ ಜೋಡಿಯಾದ ಮೀಟರಕ್ಕನ ಸೇವೆಗೆ ಬಾಕಿ ಏನೂ ಇಲ್ಲ. ಸುತ್ತೋಲೆಯ ಪ್ರಕಾರ ಇದನ್ನು ಸೂಕ್ತವಾಗಿ ಸರಿಪಡಿಸತಕ್ಕದ್ದು.

"ಬಾಂಡನ್ನ ನಾವು ಮುಟ್ಟೋ ಹಾಗಿಲ್ಲ," ಎಂದರು ಅಧ್ಯಕ್ಷರು. "ಅದರ ಮೇಲೆ ಕಂಪನಿ ಸಹಿ ಇದೆ, ಮುದ್ರೆ ಇದೆ. ಆಯಮ್ಮನ ವಯಸ್ಸಿನ ಮೇಲೆ ಯಾರ ಸಹಿ ಇದೆ?"

ನಾನು ಕಡತ ತಿರುವಿ ನೋಡಿದೆ. ಯಾರದೂ ಇರಲಿಲ್ಲ.

ಆ ಕ್ಷಣಕ್ಕೆ ಮೀಟರಕ್ಕನಿಗೆ ಐವತ್ತಾರು ವರ್ಷವಾಯಿತು. ಅಂಥ ಇನ್ನೂ ಏಳೆಂಟು ಜನರ ವಯಸ್ಸನ್ನು ಅದೇ ಸಭೆಯಲ್ಲಿ ಇಳಿಸಿ, ಚಹಾ ಕುಡಿದು ಎದ್ದೆವು.

ಮರುದಿನ ಮೀಟರಕ್ಕ ಮಗಳನ್ನು ಕರೆದುಕೊಂಡು ಬಂದರು. ಮಗಳು ಹೊಲಿಗೆ ಅಂಗಡಿ ಇಟ್ಟಿರುವವರು, ನಾಲಿಗೆಯೂ ಅವರ ಕತ್ತರಿಯ ಹಾಗೇ ಹರಿತ. ನಾನು ಇಬ್ಬರಿಗೂ ಕುರ್ಚಿ ತೋರಿಸಿದೆ.

"ಸಾರ್, ನನಗೆ ಅರವತ್ತು ತುಂಬ್ತು," ಎಂದರು ಮೀಟರಕ್ಕ.

"ತುಂಬಿತ್ತಮ್ಮ. ಈಗ ಐವತ್ತಾರು."

"ಅದು ಹೇಗೆ ಸಾರ್ ಇಳಿಯುತ್ತೆ? ಮೀಟರು ಹಿಂದಕ್ಕೆ ತಿರುಗಿದ್ರೆ ಕಳ್ಳತನ ಅಂತ ಬರ್ಕೊಂಡು ಬಾ ಅಂತ ನೀವೇ ಹೇಳ್ಕೊಟ್ಟಿದ್ದೀರಿ."

"ಅದು ನೀರಿನ ಮೀಟರಿಗಮ್ಮ. ವಯಸ್ಸಿನ ಬಗ್ಗೆ ಅಂಥ ನಿಯಮ ಇನ್ನೂ ಬಂದಿಲ್ಲ."

ಮಗಳು ಮುಂದೆ ಬಗ್ಗಿದರು. "ಅಮ್ಮನ ಮಂಡಿಗೂ ಒಂದು ಪತ್ರ ಬರೆದುಕೊಡಿ ಸಾರ್, ನಿನಗೆ ಬರೀ ಐವತ್ತಾರು ಅಂತ. ಓದಿಕೊಂಡು ನೆಟ್ಟಗಾಗುತ್ತೇನೋ ನೋಡೋಣ."

"ಮಂಡಿ ನಿಧಿಯ ವ್ಯಾಪ್ತಿಗೆ ಬರೋದಿಲ್ಲ," ಎಂದು ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ.

"ಹೋಗ್ಲಿ, ಆ ಬಾಂಡನ್ನ ಬೇರೆ ಯಾರಿಗಾದ್ರೂ ಮಾರಿ ನಮ್ಮ ದುಡ್ಡು ಕೊಡಿ. ಬಾಂಡು ಮಾರಬಹುದು ಅಂತಾರಲ್ಲ?"

ಮಾರಬಹುದು, ಅದು ನಿಜವೇ. ಸಲಹೆಗಾರರು ಆಗಲೇ ವಿಚಾರಿಸಿದ್ದರು. ಆ ಬಾಂಡನ್ನು ಕೊಳ್ಳಲು ಇಡೀ ಮಾರುಕಟ್ಟೆಯಲ್ಲಿ ಒಬ್ಬರು ಮಾತ್ರ ಮುಂದೆ ಬಂದಿದ್ದರು. ಅವರು ಪೈಪು ಕಂಪನಿಯವರು. ತಾವು ಕೊಡಬೇಕಾದ ಸಾಲವನ್ನು ಹತ್ತರಲ್ಲೊಂದು ಪಾಲಿಗೆ ತಾವೇ ಕೊಂಡುಕೊಳ್ಳಲು ಅವರು ದೊಡ್ಡ ಮನಸ್ಸು ಮಾಡಿದ್ದರು. ಇದನ್ನು ನಾನು ತಿಳಿಸಿದಾಗ ಮಗಳು ಎದ್ದು ನಿಂತರು.

"ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ. ಏಳಮ್ಮ."

ಮೀಟರಕ್ಕನಿಗೆ ಏಳಲು ಸ್ವಲ್ಪ ಹೊತ್ತು ಹಿಡಿಯಿತು. ಕುರ್ಚಿಯ ಕೈ ಹಿಡಿದು, ಮೇಜಿನ ಅಂಚು ಹಿಡಿದು, ಮಗಳ ಭುಜ ಹಿಡಿದು ಎದ್ದರು. ನನಗೆ ಅಯ್ಯೋ ಅನ್ನಿಸಿತು. ಕಡತದಲ್ಲಿ ಅದಕ್ಕೆ ಅಂಕಣವಿರಲಿಲ್ಲ.

ಈ ಕ್ರಮದಿಂದ ಎಲ್ಲರಿಗೂ ತೊಂದರೆಯಾಯಿತು ಎಂದು ಹೇಳಲಾಗದು. ಪಂಪ್ ಮನೆಯ ವಾಲ್ವ್‌ಮನ್ ಒಬ್ಬರು ವಯಸ್ಸಿಳಿದ ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ, ಕೂದಲಿಗೆ ಕಪ್ಪು ಹಚ್ಚಿಕೊಂಡು, ಹೆಣ್ಣು ನೋಡಲು ಹೊರಟರು. ಬಿಲ್ಲು ವಿಭಾಗದ ಗುಮಾಸ್ತರೊಬ್ಬರು ಐವತ್ತೇಳರವರು, ಇಷ್ಟು ವರ್ಷ ಮೀಟರಕ್ಕ ಮೀಟರಕ್ಕ ಎನ್ನುತ್ತಿದ್ದವರು, ಈಗ ತಾವೇ ಹಿರಿಯರೆಂದು ಲೆಕ್ಕ ಹಾಕಿ ಅಣ್ಣ ಎಂದು ಕರೆಸಿಕೊಳ್ಳತೊಡಗಿದರು. "ಏನಮ್ಮ ತಂಗಿ, ಇವತ್ತು ಎಷ್ಟು ಮನೆ ಆಯ್ತು?" ಎಂದು ಕೇಳುವರು. ಮೀಟರಕ್ಕ ಮೊದಲು ಉಗಿದರು, ಆಮೇಲೆ ಸುಮ್ಮನಾದರು, ಆಮೇಲೆ "ಆಯ್ತಣ್ಣ" ಎನ್ನುವುದನ್ನು ಕಲಿತರು.

ಮನೆ ಮಾಲೀಕರೂ ಸಹಕರಿಸಿದರು. ಇನ್ನೂ ಚಿಕ್ಕ ವಯಸ್ಸು, ಕಾಯಬಹುದು ಎಂದು ಸಮಾಧಾನ ಹೇಳಿ, ಕಾಯುವ ಬಾಬ್ತು ಇನ್ನೊಂದಿಷ್ಟು ಮುಂಗಡ ಇಸಿದುಕೊಂಡರಂತೆ.

ಬಡ್ಡಿಯ ಬಗ್ಗೆಯೂ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಕಂಪನಿ ಬಡ್ಡಿಯನ್ನೇ ಕೊಡಲಿಲ್ಲ ಎಂದು ತಿಳಿಯುವ ಅಪಾಯವಿದೆ. ಕಂಪನಿಯಲ್ಲಿ ಹಣದ ಅಭಾವವಿತ್ತೇ ಹೊರತು ಪೈಪಿನ ಅಭಾವವಿರಲಿಲ್ಲ. ಆದ್ದರಿಂದ ಬಡ್ಡಿಯನ್ನು ಪೈಪಿನ ರೂಪದಲ್ಲಿ ಕೊಟ್ಟರು. ವರ್ಷಕ್ಕೊಮ್ಮೆ ಲಾರಿ ಬರುತ್ತಿತ್ತು. ನೌಕರರು ಸಾಲಾಗಿ ನಿಂತು ತಂತಮ್ಮ ಪಾಲಿನ ಪೈಪನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗುತ್ತಿದ್ದರು. ಮೀಟರಕ್ಕನ ಮೊದಲ ವರ್ಷದ ಬಡ್ಡಿ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡು, ಮೇಲಿನವರು ಕೆಳಗಿಳಿಯಲಾಗದೆ ಕೆಳಗಿನವರು ಮೇಲೆ ಹೋಗಲಾಗದೆ ರಂಪವಾಯಿತು. ಕೊನೆಗೆ ಗರಗಸದಿಂದ ಕೊಯ್ಯಬೇಕಾಯಿತು. ಕೊಯ್ದ ಬಡ್ಡಿಗೆ ಬೆಲೆ ಕಡಿಮೆ ಎಂದು ಗುಜರಿಯವರು ಹೇಳಿದರಂತೆ.

ಹೀಗೆ ಎರಡು ವರ್ಷ ನೆಮ್ಮದಿಯಿಂದ ಕಳೆದ ಮೇಲೆ ಕಂಪನಿಯ ಹಣಕಾಸು ನಿರ್ದೇಶಕರು ಸ್ವತಃ ಸಭೆಗೆ ಬಂದರು. ಕೈಯಲ್ಲಿ ಸಿಹಿಯ ಡಬ್ಬವಿತ್ತು. ಮೊದಲ ಸಲ ಮುಂದಕ್ಕೆ ಹಾಕಿದ ಬಾಂಡುಗಳೆಲ್ಲವನ್ನೂ ಒಟ್ಟುಗೂಡಿಸಿ ಬಿಳಿ ಅಂಚಿನ ಒಂದೇ ಬಾಂಡು ಮಾಡುತ್ತೇವೆ, ಅದರ ಅವಧಿ ಇಂದಿನಿಂದ ನಲವತ್ತೈದು ವರ್ಷ, ಇದಕ್ಕೆ ಪುನರ್ರಚನೆ ಎನ್ನುತ್ತಾರೆ ಎಂದು ತಿಳಿಸಿದರು. "ನಿಮ್ಮ ನಿಧಿಗೆ ನಾವು ಚಿರಋಣಿಗಳು ಸಾರ್," ಎಂದು ಕೈಮುಗಿದರು. ಅವರು ಮಾತಿಗೆ ತಪ್ಪುವ ಜನವಲ್ಲ, ಆ ಮಾತನ್ನು ಈವತ್ತಿಗೂ ಉಳಿಸಿಕೊಂಡಿದ್ದಾರೆ.

"ನಲವತ್ತೈದು!" ಎಂದು ಸಲಹೆಗಾರರು ಕೆಂಪು ಚುಕ್ಕೆಯನ್ನು ಗೋಡೆ ದಾಟಿಸಿ ಚಾವಣಿಗೆ ಹಾಯಿಸಿದರು. "ಇಷ್ಟು ದೀರ್ಘಾವಧಿ ನಮ್ಮ ಸುತ್ತಮುತ್ತ ಯಾವ ನಿಧಿಗೂ ಸಿಕ್ಕಿಲ್ಲ ಸಾರ್."

ಅರವತ್ತರಲ್ಲಿ ನಲವತ್ತೈದು ಕಳೆದರೆ ಹದಿನೈದು. ಮೀಟರಕ್ಕನೂ, ಅವರ ಜೊತೆ ವಯಸ್ಸಿಳಿದಿದ್ದ ಇತರರೂ ಹದಿನೈದು ವರ್ಷದವರಾದರು. ಅವರಲ್ಲಿ ಸ್ಟೋರ್ ಕೀಪರ್ ಕೂಡ ಇದ್ದರು. ಅಪ್ರಾಪ್ತ ವಯಸ್ಕರಿಗೆ ಸಮಿತಿಯಲ್ಲಿ ಮತ ಹಾಕಲು ಅವಕಾಶವಿಲ್ಲದ್ದರಿಂದ ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು. ಸ್ಟೋರ್ ಕೀಪರರನ್ನು ಹೊರಗೆ ಕಳಿಸುವಾಗ ಅಧ್ಯಕ್ಷರು ಅವರ ಕೈಗೆ ಒಂದು ಸಿಹಿ ಕೊಟ್ಟರು.

ಈ ನಿರ್ಣಯದಿಂದ ಕೆಲವು ಸಣ್ಣಪುಟ್ಟ ತೊಡಕುಗಳು ಎದ್ದವು. ನಲವತ್ತು ವರ್ಷದ ಸೇವೆ, ಹದಿನೈದು ವರ್ಷದ ವಯಸ್ಸು. ಹಾಗಾದರೆ ಇವರು ಹುಟ್ಟುವುದಕ್ಕೆ ಇಪ್ಪತ್ತೈದು ವರ್ಷ ಮುಂಚಿನಿಂದಲೇ ಸಂಬಳ ಪಡೆದಿದ್ದಾರೆ ಎಂದು ಲೆಕ್ಕಪರಿಶೋಧಕರು ಆಕ್ಷೇಪ ಎತ್ತಿದರು. ಜನಿಸದ ವ್ಯಕ್ತಿಗೆ ವೇತನ ಕೊಡಲು ನಿಯಮಗಳಲ್ಲಿ ಆಸ್ಪದವಿಲ್ಲ. ಅಷ್ಟನ್ನೂ ಒಮ್ಮೆಲೇ ವಸೂಲು ಮಾಡಿದರೆ ಮಕ್ಕಳು ಹೆದರಿಕೊಂಡಾವು ಎಂದು ಅಧ್ಯಕ್ಷರು ಕರುಣೆ ತೋರಿ, ಬಾಂಡಿನ ಅವಧಿ ಮುಗಿದಾಗ ಅಸಲಿನಲ್ಲಿ ಮುರಿದುಕೊಳ್ಳುವಂತೆ ಆದೇಶಿಸಿದರು. ಇನ್ನೊಂದು ತೊಡಕು ಸಂಬೋಧನೆಯದು. ಹದಿನೈದು ವರ್ಷದ ಹುಡುಗಿಯನ್ನು ಕಚೇರಿಯ ಪತ್ರಗಳಲ್ಲಿ ಬಹುವಚನದಲ್ಲಿ ಕರೆಯುವುದು ಸಂಪ್ರದಾಯವಲ್ಲ. ಆದ್ದರಿಂದ ಇಲ್ಲಿಂದ ಮುಂದೆ ಈ ವರದಿಯಲ್ಲಿಯೂ ಏಕವಚನ ಬಳಸಲಾಗುವುದು.

ತಾಯಿಗೆ ಹದಿನೈದಾದರೆ ಮಗಳಿಗೆ ಮೂವತ್ತಾರು ಹೇಗೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೂ ಉತ್ತರ ಸಿದ್ಧವಿತ್ತು. ಮಗಳು ನಮ್ಮ ನೌಕರರಲ್ಲ, ಅವರ ವಯಸ್ಸಿಗೆ ನಾವು ಜವಾಬ್ದಾರರಲ್ಲ.

ಆ ಮಾಸದಲ್ಲಿಯೇ ಕಾರ್ಮಿಕ ಅಧಿಕಾರಿಗಳು ತಪಾಸಣೆಗೆ ಬಂದರು. ಹಾಜರಿ ಪುಸ್ತಕದಲ್ಲಿ ಹದಿನೈದು, ಹದಿನೈದು ಎಂದು ಕಂಡು ಅವರ ಮುಖ ಕೆಂಪಾಯಿತು. ಮಕ್ಕಳನ್ನು ತೋರಿಸಿ ಎಂದು ಹಠ ಹಿಡಿದರು. ನಾನೇ ಕರೆದುಕೊಂಡು ಹೋದೆ. ಒಂದು ಓಣಿಯಲ್ಲಿ ಮೀಟರಕ್ಕ ಗುಂಡಿಯ ಪಕ್ಕ ಕೂತಿದ್ದಳು. ತಲೆ ತುಂಬ ಬಿಳಿಕೂದಲು. ಒಂದು ಕೈ ನೆಲಕ್ಕೂರಿ, ಇನ್ನೊಂದು ಕೈಯಿಂದ ಗೋಡೆ ಹಿಡಿದು ಏಳಲು ಹೆಣಗುತ್ತಿದ್ದಳು. ಅಧಿಕಾರಿಗಳು ಒಮ್ಮೆ ಅವಳನ್ನು ನೋಡಿದರು, ಒಮ್ಮೆ ಹಾಜರಿ ಪುಸ್ತಕ ನೋಡಿದರು. ಪುಸ್ತಕಕ್ಕೆ ಮುದ್ರೆಯಿತ್ತು. ಅವರು ಅವಳ ಪಕ್ಕದಲ್ಲಿ ಕೂತು ಮೃದುವಾಗಿ ಕೇಳಿದರು.

"ಪುಟ್ಟಿ, ಎಷ್ಟನೇ ಕ್ಲಾಸು?"

"ನಾಲ್ಕಕ್ಕೇ ಬಿಟ್ಟೆ ಸಾರ್," ಎಂದಳು ಮೀಟರಕ್ಕ.

ಅಧಿಕಾರಿಗಳು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ನೋಡಿದ್ರೇನ್ರೀ? ಆಡಿಕೊಂಡು ಓದಿಕೊಂಡು ಇರಬೇಕಾದ ವಯಸ್ಸು. ನಿಮಗೂ ಮಕ್ಕಳಿಲ್ವಾ?"

ನಾಚಿಕೆಯಿಂದ ನನ್ನ ತಲೆ ತಗ್ಗಿತು. ಮಂಡಳಿಯು ಕಾನೂನಿಗೆ ತಲೆಬಾಗುವ ಸಂಸ್ಥೆ. ಅಂದೇ ಸಂಜೆಯೊಳಗೆ ಎಲ್ಲ ಮಕ್ಕಳನ್ನೂ ಕೆಲಸದಿಂದ ಬಿಡಿಸಲಾಯಿತು, ಸ್ಟೋರ್ ಕೀಪರನೂ ಸೇರಿದಂತೆ. ಸಂಬಳ ನಿಂತಿತು, ಏಕೆಂದರೆ ಮಕ್ಕಳಿಗೆ ಸಂಬಳವಿಲ್ಲ. ಪಿಂಚಣಿ ಬರಲಿಲ್ಲ, ಏಕೆಂದರೆ ಅದು ನಿವೃತ್ತಿಯಲ್ಲ. ಮಂಡಳಿಯ ಮುಂಬಾಗಿಲಲ್ಲಿ ಈಗ "ಇಲ್ಲಿ ಮಕ್ಕಳನ್ನು ದುಡಿಸಿಕೊಳ್ಳುವುದಿಲ್ಲ" ಎಂಬ ಹಿತ್ತಾಳೆಯ ಫಲಕವಿದೆ. ಅಧ್ಯಕ್ಷರಿಗೆ ಶಾಲು ಹೊದಿಸಿದರು.

ಅಪ್ರಾಪ್ತರ ಹೆಸರಿನಲ್ಲಿ ಬಾಂಡು ಇರಬೇಕಾದರೆ ಪೋಷಕರು ಬೇಕು. ತಂದೆ ಅಥವಾ ತಾಯಿಯೇ ಆಗಿರಬೇಕು ಎಂದು ಕಂಪನಿ ತಿಳಿಸಿತ್ತು. ಮೀಟರಕ್ಕನ ತಂದೆತಾಯಿ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಮನೆಯಲ್ಲಿದ್ದ ಏಕೈಕ ಹಿರಿಯರೆಂದರೆ ಹೊಲಿಗೆ ಅಂಗಡಿಯ ಮಗಳು. ಪೋಷಕರ ಅರ್ಜಿ ಹಿಡಿದುಕೊಂಡು ಮೂರು ಮಹಡಿ ಹತ್ತಿ ಹೋದೆ. ಎರಡನೆಯ ಮಹಡಿಯಲ್ಲಿ ನಿಂತು ಸುಧಾರಿಸಿಕೊಂಡೆ ಎಂಬುದನ್ನು ಮುಚ್ಚಿಡುವುದಿಲ್ಲ. ಮೀಟರಕ್ಕ ಕಿಟಕಿಯ ಹತ್ತಿರ ಕಾಲು ಚಾಚಿ ಕೂತಿದ್ದಳು. ಮಂಡಿಗೆ ಬಿಸಿನೀರಿನ ಚೀಲ ಕಟ್ಟಿತ್ತು.

"ಇಲ್ಲಿ, 'ಮಗುವಿನ ತಾಯಿ' ಅಂತ ಇರೋ ಕಡೆ ನಿಮ್ಮ ಸಹಿ," ಎಂದೆ ಮಗಳಿಗೆ.

"ಹಾಕದೇ ಹೋದ್ರೆ?"

"ಹೇಳೋರು ಕೇಳೋರು ಇಲ್ಲದ ಮಗುವಿನ ಹಣ ಅಂತ ಕಂಪನಿಯ ಧರ್ಮನಿಧಿಗೆ ಹೋಗುತ್ತೆ."

ಮಗಳು ಅರ್ಜಿಯನ್ನು ಹೊಲಿಗೆ ಯಂತ್ರದ ಹಲಗೆಯ ಮೇಲಿಟ್ಟುಕೊಂಡರು, ಪೆನ್ನು ಹಿಡಿದರು, ಹಿಡಿದೇ ಇದ್ದರು. ಆಮೇಲೆ ಅಳಲು ಶುರುಮಾಡಿದರು.

"ಅಮ್ಮಾ, ನಿನ್ನ ಅಮ್ಮನ ಜಾಗದಲ್ಲಿ ನನ್ನ ಹೆಸರು ಬರೀಬೇಕಂತೆ ಕಣೇ."

"ಬರಿ ಮಗಳೇ," ಎಂದಳು ಮೀಟರಕ್ಕ. "ಮನೇಲಿ ಯಾರಾದ್ರೂ ಒಬ್ಬರು ದೊಡ್ಡೋರು ಇರಬೇಕಲ್ಲ."

ಸಹಿಯ ಮೇಲೆ ಒಂದು ಹನಿ ಕಣ್ಣೀರು ಬಿದ್ದು ಶಾಯಿ ಕದಡಿತು. ನಾನು ಇನ್ನೊಂದು ಪ್ರತಿಯಲ್ಲಿ ಮತ್ತೆ ಹಾಕಿಸಿಕೊಂಡೆ.

ಹೊರಡುವಾಗ ಮೀಟರಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಹುಷಾರಾಗಿ ಇಳೀರಿ ಸಾರ್. ನಿಮಗೂ ವಯಸ್ಸಾಯ್ತು."

ಅದು ನಿಜವೇ ಆಗಿತ್ತು. ನನಗೆ ಬಾಂಡು ಜೋಡಿಯಾಗಿರದ ಕಾರಣ ನನ್ನ ವಯಸ್ಸು ತನ್ನ ಪಾಡಿಗೆ ತಾನು ಏರಿ ಅರವತ್ತರ ಹತ್ತಿರ ಬಂದಿತ್ತು. ಮೆಟ್ಟಿಲ ಕಂಬಿ ಹಿಡಿದುಕೊಂಡು ಇಳಿದೆ. ಕೆಳಗೆ ಬಂದಾಗ ನೆಲಮಹಡಿಯ ಮನೆಯ ಬಾಗಿಲು ತೆರೆದಿತ್ತು, ಮಾಲೀಕರು ಧೂಳು ಹೊಡೆಯುತ್ತಿದ್ದರು. ಒಳಗೆ ಇಣುಕಿದೆ. ಎರಡು ಕೋಣೆ, ಒಳ್ಳೆಯ ಗಾಳಿ, ಒಂದೂ ಮೆಟ್ಟಿಲಿಲ್ಲ.

"ಇದು ಮೇಲಿನ ಹುಡುಗಿಗೆ ಅಂತ ಇಟ್ಟಿದ್ದೆ," ಎಂದರು ಮಾಲೀಕರು. "ಅವಳು ದೊಡ್ಡೋಳಾಗೋ ತನಕ ಖಾಲಿ ಬಿಡೋಕಾಗುತ್ತಾ, ನೀವೇ ಹೇಳಿ."

ಆಗುವುದಿಲ್ಲ ಎಂದು ನಾನೂ ಒಪ್ಪಿದೆ. ಮುಂದಿನ ತಿಂಗಳು ನಿವೃತ್ತನಾದೆ. ಬ್ಯಾಂಕಿನವರು ನನ್ನ ಠೇವಣಿಯನ್ನು ಬಡ್ಡಿ ಸಮೇತ ಎಣಿಸಿ ಕೊಟ್ಟರು. ಆ ಮನೆಯನ್ನು ಕೊಂಡೆ. ಮೀಟರಕ್ಕನ ಮುಂಗಡವನ್ನು ಮಾಲೀಕರು ಹಿಂತಿರುಗಿಸಲಿಲ್ಲ, ಮಕ್ಕಳ ಜೊತೆ ಮಾಡಿಕೊಂಡ ಕರಾರು ಕಾನೂನಿನ ಮುಂದೆ ನಿಲ್ಲುವುದಿಲ್ಲವಂತೆ. ಯಾರಿಗೂ ಅನ್ಯಾಯವಾಗಬಾರದೆಂದು ನಾನು ಮಾತ್ರ ಒಂದು ಕಾಗದ ಬರೆದುಕೊಟ್ಟಿದ್ದೇನೆ. ನಲವತ್ತೈದು ವರ್ಷದ ನಂತರ ಅವಳ ಕೈಗೆ ಹಣ ಬಂದಾಗ, ಅಂದಿನ ಬೆಲೆಗೆ, ಮನೆಯನ್ನು ಮೊದಲು ಅವಳಿಗೇ ಕೊಡತಕ್ಕದ್ದು. ಸಲಹೆಗಾರರು ಇದನ್ನು ಕೇಳಿ, ದೀರ್ಘಾವಧಿ ಚಿಂತನೆ ಎಂದರೆ ಇದು ಎಂದು ಮೆಚ್ಚಿಕೊಂಡರು. ಈಗ ಬೇರೆ ಮಂಡಳಿಗಳ ಸಭೆಯಲ್ಲಿಯೂ ಇದೇ ಉದಾಹರಣೆ ಕೊಡುತ್ತಾರಂತೆ.

ಕಟ್ಟಡದವರಿಗೆಲ್ಲ ಈಗ ರೂಢಿಯಾಗಿಬಿಟ್ಟಿದೆ. ಅಂಗಡಿಯವರು ಮೀಟರಕ್ಕನಿಗೆ ಸಾಲ ಕೊಡುವುದಿಲ್ಲ, ದೊಡ್ಡವರನ್ನು ಕರೆದುಕೊಂಡು ಬಾ ಎನ್ನುತ್ತಾರೆ. ವಾರಕ್ಕೊಮ್ಮೆ ಮಗಳು ಅವಳ ಕೈ ಹಿಡಿದು ಆಸ್ಪತ್ರೆಗೆಂದು ಕೆಳಗೆ ಇಳಿಸಿಕೊಂಡು ಬರುತ್ತಾರೆ. ಮೊನ್ನೆ ಹಾಗೆ ಇಳಿದು ಬಂದ ಮೀಟರಕ್ಕ ನನ್ನ ಬಾಗಿಲಲ್ಲಿ ನಿಂತು, ಚೌಕಟ್ಟು ಹಿಡಿದು ಒಳಗೆ ನೋಡಿದಳು. ನಾನು ಗೋಡೆಗೆ ನಿವೃತ್ತಿಯ ಸನ್ಮಾನಪತ್ರ ತೂಗುಹಾಕುತ್ತಿದ್ದೆ.

"ಮಾಮ, ಗೋಡೆಗೆ ಜಾಸ್ತಿ ಮೊಳೆ ಹೊಡೀಬೇಡಿ," ಎಂದಳು. "ದೊಡ್ಡೋಳಾದ್ಮೇಲೆ ನನಗೆ ಬೇಕು."

"ಇಲ್ಲ ಪುಟ್ಟಿ, ಇದೊಂದೇ," ಎಂದೆ.